ಉಡಿಗೆ ಬಿದ್ದ ಸಾಸವಡದ ಮಣ್ಣು

ಸೀತಾಫಲದ ವಾಸನೆ ಬಂದರೆ ನನಗೆ ಇವತ್ತಿಗೂ ಜಗಳ ನೆನಪಾಗುತ್ತದೆ. ಮೊನ್ನೆ ಪುಣೆಯ ಖಡಕಿ ಬಾಜಾರಿನಲ್ಲಿ ಸಂಜೆಯ ಮಳೆ ನಿಂತ ಮೇಲೆ ಒಬ್ಬಾಕೆ ಗಾಡಿಯ ತುಂಬ ಹಣ್ಣು ಪೇರಿಸಿಕೊಂಡು ನಿಂತಿದ್ದಳು. ಒಂದೆರಡು ಹಣ್ಣು ಬಿರಿದು, ಸಿಹಿಯ ಜೊತೆ ಸ್ವಲ್ಪ ಹುಳಿ ಬೆರೆತ ವಾಸನೆ ಒದ್ದೆ ರಸ್ತೆಯಲ್ಲೆಲ್ಲ ಹರಡಿತ್ತು. ‘ಸಾಸವಡದವು ತಾಯಿ, ಭಾರಿ ಗೋಡ’, ಬಲು ಸಿಹಿ, ಎಂದು ಮರಾಠಿಯಲ್ಲಿ ಕರೆದಳು. ನನ್ನ ಯಜಮಾನರು ಚೀಲ ಬಿಚ್ಚಿದವರು ನನ್ನ ಮುಖ ನೋಡಿ ಮತ್ತೆ ಮಡಚಿಕೊಂಡರು.

‘ಹಣ್ಣಿನ ಮ್ಯಾಲ ಏನ್ ಸಿಟ್ಟ ನಿಂದು?’ ಎಂದರು.

ಹಣ್ಣಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ಆ ಒಂದು ಮಳೆಗಾಲದ ಮೇಲೆ. ಅದು ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಹಣ್ಣು ಕೊಂಡೆವು.

ಆಗ ನಾನು ನಾರಾಯಣ ಪೇಠೆಯ ಒಂದು ಸಣ್ಣ ಜಾಹೀರಾತು ಕಂಪನಿಯಲ್ಲಿ ಕನ್ನಡ ಬರೆಯುವ ಕೆಲಸದಲ್ಲಿದ್ದೆ. ಪುಣೆಯಲ್ಲಿ ಕನ್ನಡಕ್ಕೇನು ಕೆಲಸ ಎಂದು ಕೇಳುವವರು ಈ ಊರನ್ನು ಸರಿಯಾಗಿ ನೋಡಿಲ್ಲ. ಇಲ್ಲಿ ಕಟ್ಟಡಕ್ಕೆ ಇಟ್ಟಿಗೆ ಹೊರುವವರು ಕಲಬುರಗಿ, ಯಾದಗಿರಿ ಕಡೆಯವರು. ಅದೇ ಕಟ್ಟಡ ಎದ್ದು ನಿಂತ ಮೇಲೆ ಅದರೊಳಗೆ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಮೈಸೂರು, ಬೆಂಗಳೂರಿನವರು ಬೇಕಾದಷ್ಟು. ಖಡಕಿಯ ಫ್ಯಾಕ್ಟರಿಗೆ ಹೋಗುವ ನನ್ನ ಯಜಮಾನರಂಥ ವಿಜಯಪುರದವರೂ ಇದ್ದಾರೆ. ಇವರಿಗೆಲ್ಲ ಸೀರೆಯಿಂದ ಸೈಟಿನವರೆಗೆ ಏನು ಮಾರಬೇಕೆಂದರೂ ಆ ಮಾತು ನನ್ನ ಮೇಜು ದಾಟಿಯೇ ಹೋಗಬೇಕಿತ್ತು.

ಜಾಗ ಮಾರುವ ಜಾಹೀರಾತಿಗೆ ಒಂದು ಕಾಯ್ದೆ ಇದೆ. ಜನರ ಬಾಯಲ್ಲಿ ರೇರಾ ಎಂದು ಓಡಾಡುವುದು ಅದೇ. ಯೋಜನೆ ನೋಂದಣಿ ಆಗುವ ತನಕ ಅದರ ಜಾಹೀರಾತು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ, ಬಂದು ಕೊಳ್ಳಿರಿ ಎಂದು ಕರೆಯುವ ಹಾಗೂ ಇಲ್ಲ. ನೋಂದಣಿ ಆದ ಮೇಲೆ ಆ ಸಂಖ್ಯೆ, ಪ್ರಾಧಿಕಾರದ ಜಾಲತಾಣದ ವಿಳಾಸ, ಕ್ಯೂಆರ್ ಕೋಡ್ ಎಲ್ಲವೂ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಇರಬೇಕು. ‘ನಂಬರ್ ಇಲ್ಲ, ಜಾಹೀರಾತೂ ಇಲ್ಲ’ ಎಂದು ನಮ್ಮ ಮಾಲಕ ಮಿಲಿಂದ ಸರ್ ಮರಾಠಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಅವರು ಒಳ್ಳೆಯ ಮನುಷ್ಯ, ಆಫೀಸಿನ ಬಾಡಿಗೆ ತುಂಬುವ ದಿನ ಹತ್ತಿರ ಇಲ್ಲದಿದ್ದಾಗ. ಚಿತ್ರ ಹೊಂದಿಸುವವನು ಮೈಸೂರಿನ ಕಾರ್ತಿಕ್. ಜಾಗದ ಜಾಹೀರಾತು ಬಂದರೆ ಅವನು ಮೊದಲು ಕೆಳಗಿನ ಮೂಲೆಯಲ್ಲಿ ಕ್ಯೂಆರ್ ಕೋಡಿಗೆಂದು ಒಂದು ಬಿಳಿ ಚೌಕ ಬಿಟ್ಟುಕೊಳ್ಳುತ್ತಿದ್ದ. ‘ಫಸ್ಟ್ ಇದಕ್ಕೆ ಸೈಟ್ ಅಲಾಟ್ ಮಾಡ್ಬಿಡ್ತೀನಿ ಮೇಡಂ, ಮಿಕ್ಕಿದ್ದು ಆಮೇಲೆ’ ಎನ್ನುತ್ತಿದ್ದ.

ಆ ವರ್ಷ ಆಷಾಢದಲ್ಲಿ ವಾರಕರಿಗಳ ಪಾಲಖಿ ಮೆರವಣಿಗೆ ಪುಣೆಯಿಂದ ದಿವೇ ಘಾಟು ಹತ್ತಿ ಸಾಸವಡಕ್ಕೆ ಹೋಯಿತು. ಅದಕ್ಕಾಗಿ ಮುಚ್ಚಿದ್ದ ರಸ್ತೆ ತೆರೆದ ಮೇಲೆ ಆ ಕಡೆಯಿಂದ ಒಬ್ಬ ಗಿರಾಕಿ ನಮ್ಮ ಆಫೀಸಿಗೆ ಬಂದ. ಬಂದವನು ಒಂದು ಜಾಗದ ಕಂಪನಿಯ ಏಜೆಂಟ್, ಹೆಸರು ಬಸವರಾಜ, ಚಿತ್ತಾಪುರ ಕಡೆಯವನು. ಹಿಂದೆ ನೆಲಕ್ಕೆ ಫರಸಿ ಕಲ್ಲು ಕೂಡಿಸುವ ಕೆಲಸದಲ್ಲಿದ್ದನಂತೆ. ಈಗ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಮಾತು ಎಂದರೆ ಬೆಣ್ಣೆ. ಪುಣೆಯ ಯಾವ ಬಸ್ತಿಯಲ್ಲಿ ಯಾವ ತಾಲೂಕಿನವರು ಇದ್ದಾರೆ, ಯಾರ ಮನೆಯಲ್ಲಿ ಯಾರಿಗೆ ಹೆರಿಗೆ ಆಗಿದೆ ಎಲ್ಲ ಗೊತ್ತು. ಹೆಂಗಸರೆಲ್ಲ ಅವನಿಗೆ ಬಸಣ್ಣ ಎನ್ನುತ್ತಿದ್ದರು.

ಅವನ ಕಂಪನಿ ಸಾಸವಡದ ಆಚೆ ಗುಡ್ಡದ ಇಳಿಜಾರಿನಲ್ಲಿ ಹೊಲ ಹಿಡಿದು ತುಂಡು ತುಂಡು ಮಾಡಿತ್ತು. ನೀವು ಒಂದು ತುಂಡು ಕೊಳ್ಳುವುದು. ಕಂಪನಿ ಅದರಲ್ಲಿ ಸೀತಾಫಲ, ಅಂಜೂರ ಬೆಳೆಯುವುದು. ವರ್ಷ ವರ್ಷ ನಿಮಗೆ ಖಚಿತ ಲಾಭ ಮನೆಗೆ ಬರುವುದು. ನಾನು ಕೇಳಿದ್ದು ಒಂದೇ, ನೋಂದಣಿ ಸಂಖ್ಯೆ ಎಲ್ಲಿ ಎಂದು. ನೋಂದಣಿ ಆಗಿರಲಿಲ್ಲ. ಇನ್ನು ಜನರ ಹಣ ಒಟ್ಟು ಮಾಡಿ, ನಾವೇ ದುಡಿಸಿ ನಿಮಗೆ ಲಾಭ ಹಂಚುತ್ತೇವೆ ಎನ್ನುವುದಕ್ಕೆ ಷೇರುಪೇಟೆಯ ಮೇಲೆ ಕಣ್ಣಿಟ್ಟಿರುವ ಸರಕಾರಿ ಮಂಡಳಿಯ ಒಪ್ಪಿಗೆಯೂ ಬೇರೆ ಬೇಕು. ಅದಂತೂ ಅವರಿಗೆ ಕನಸಿನಲ್ಲೂ ಬಂದಿರಲಿಲ್ಲ.

‘ಇದು ಜಾಹೀರಾತು ಅಲ್ರಿ ಅಕ್ಕಾರ’ ಎಂದ ಬಸವರಾಜ ನಗುತ್ತಲೇ. ‘ಆಮಂತ್ರಣ. ಶ್ರಾವಣ ಶುಕ್ರವಾರ ನಮ್ಮ ಹೆಣ್ಮಕ್ಕಳನ್ನ ಹೊಲಕ್ಕ ಕರಕೊಂಡು ಹೋಗಿ ಉಡಿ ತುಂಬ್ತೀವಿ. ಊಟಾ ಹಾಕ್ತೀವಿ. ಇದರಾಗ ಕಾಯ್ದೆ ಎಲ್ಲಿಂದ ಬಂತ್ರಿ?’

ಕೈಯಲ್ಲಿ ಬರೆದುಕೊಂಡು ಬಂದಿದ್ದನ್ನು ಮುಂದಿಟ್ಟ. ತವರಿನಿಂದ ದೂರ ಇರುವ ಅಕ್ಕತಂಗಿಯರಿಗೆ ಉಡಿ ತುಂಬುವ ಕಾರ್ಯಕ್ರಮ, ಉಡಿಯಲ್ಲಿ ನಿಮ್ಮದೇ ಜಾಗದ ಮಣ್ಣು, ವರ್ಷ ವರ್ಷ ಖಚಿತ ಆದಾಯ, ಬಸ್ಸಿನ ವ್ಯವಸ್ಥೆ ಇದೆ. ಇಷ್ಟೂ ಒಂದೇ ಉಸಿರಿನಲ್ಲಿ.

‘ಖಚಿತ ಆದಾಯ ಅಂತ ಯಾವ ತವರಮನಿಯವ್ರು ಆಮಂತ್ರಣದಾಗ ಬರಸ್ತಾರ?’ ಎಂದು ಕೇಳಿದೆ. ಬಸವರಾಜ ಮಿಲಿಂದ ಸರ್ ಮುಖ ನೋಡಿದ.

ಮಿಲಿಂದ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ‘ಗಿರಿಜಾತಾಯಿ, ಅರಿಸಿನ-ಕುಂಕುಮದ ಕಾರ್ಡಿಗೆ ಯಾರಾದರೂ ನೋಂದಣಿ ಸಂಖ್ಯೆ ಕೇಳುತ್ತಾರಾ?’ ಎಂದರು. ಅವರ ಬೆನ್ನಿನ ಹಿಂದೆಯೇ ಅವರ ಕೈಬರಹದ ಚೀಟಿ ಗೋಡೆಯ ಮೇಲಿತ್ತು. ನಾನು ಅದನ್ನೇ ಬೊಟ್ಟು ಮಾಡಿ ತೋರಿಸಿದೆ. ಕಾಯ್ದೆಯಲ್ಲಿ ಜಾಹೀರಾತು ಎಂದರೆ ಬರಿ ಪತ್ರಿಕೆಯಲ್ಲಿ ಬರುವುದಲ್ಲ, ಯಾವ ರೂಪದಲ್ಲಿ ಜನರನ್ನು ಕರೆದರೂ ಅದು ಜಾಹೀರಾತೇ, ಸುತ್ತೋಲೆ ಆದರೂ ಸರಿ, ಕರಪತ್ರ ಆದರೂ ಸರಿ ಎಂದು ಹೇಳಿದೆ. ನಾನು ಇದನ್ನು ಬರೆಯುವುದಿಲ್ಲ, ಒಂದು ಅಕ್ಷರವನ್ನೂ ತಿದ್ದುವುದಿಲ್ಲ ಎಂದೆ. ‘ಬೇಡ, ಬಿಡಿ’ ಎಂದರು. ಆ ಬಿಡಿ ಎನ್ನುವುದರಲ್ಲಿ ನನ್ನ ನೌಕರಿಯ ಆಯುಷ್ಯವೂ ಸೇರಿತ್ತು ಎಂದು ನನಗೆ ಆಗಲೇ ತಿಳಿಯಿತು.

ಬಸವರಾಜ ಬರೆದದ್ದನ್ನೇ ಇದ್ದ ಹಾಗೆ ಅಚ್ಚಿಗೆ ಹಾಕಿದರು. ಕಾರ್ತಿಕ್ ಅಭ್ಯಾಸಬಲದಿಂದ ಮೂಲೆಯಲ್ಲಿ ಚೌಕ ಬಿಟ್ಟಿದ್ದ. ಅಲ್ಲಿ ಒಂದು ಕಳಶದ ಚಿತ್ರ ಕೂಡಿಸು ಎಂದು ಅಪ್ಪಣೆಯಾಯಿತು. ಕೂಡಿಸಿದ. ಊಟದ ಹೊತ್ತಿಗೆ ನನ್ನ ಪಕ್ಕಕ್ಕೆ ಬಂದು, ‘ಸಾರಿ ಮೇಡಂ, ನಂಗೆ ಹೋಮ್ ಲೋನ್ ಇದೆ. ನಿಮ್ ಥರ ಫೈಟ್ ಮಾಡಕ್ಕಾಗಲ್ಲ’ ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮುಖ ಅಷ್ಟು ಚಿಕ್ಕದಾಗಿತ್ತು.

ಆ ಆಮಂತ್ರಣ ತಿರುಗಿ ತಿರುಗಿ ಮಾದೇವಿಯ ಕೈಗೆ ಬರುತ್ತದೆ ಎಂದು ಮಾತ್ರ ನಾನು ಎಣಿಸಿರಲಿಲ್ಲ. ಮಾದೇವಿ ನಮ್ಮ ಮನೆಯ ಹಿಂದಿನ ಬಸ್ತಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು, ಯಾದಗಿರಿ ಕಡೆಯ ಹೆಂಗಸು. ಗಂಡ ಗೋಡೆ ಕಟ್ಟುವ ಗೌಂಡಿಯಾಗಿದ್ದವನು ಕಾಮಾಲೆಯಾಗಿ ಹೋಗಿದ್ದ. ಅಪ್ಪ ತೀರಿಕೊಂಡ ಮೇಲೆ ತವರಿನಿಂದ ಒಂದು ಫೋನೂ ಇರಲಿಲ್ಲ. ಅವಳ ಬಳಿ ಇದ್ದ ಬಂಗಾರವೆಂದರೆ ಒಂದು ಬೋರಮಾಳ ಸರ, ಅವಳ ತಾಯಿಯ ಕೊರಳಿನಿಂದ ಬಂದದ್ದು. ಗಂಡನ ಆಸ್ಪತ್ರೆಯ ಖರ್ಚಿಗೂ ಅದನ್ನು ಬಿಚ್ಚಿರಲಿಲ್ಲ, ಗಂಡನೇ ಬೇಡ ಎಂದಿದ್ದನಂತೆ. ನನ್ನ ಇಬ್ಬರು ಮಕ್ಕಳು ಅವಳ ರೊಟ್ಟಿ ತಿಂದು ಬೆಳೆದವರು. ನಾವಿಬ್ಬರೂ ಜಗಳವಾಡುವಷ್ಟು ಹತ್ತಿರದವರು.

‘ಬರ್ರಿ ಗಿರಿಜಕ್ಕಾ, ಬಸ್ಸು ಫುಕಟ್ ಅದ, ರೊಕ್ಕಾ ಕೊಡೂದಿಲ್ಲ’ ಎಂದು ಕರೆದಳು. ಹೋಗಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಒಬ್ಬಳನ್ನೇ ಕಳಿಸುವುದಕ್ಕಿಂತ ಜೊತೆಗೆ ಹೋಗುವುದು ವಾಸಿ ಎಂದು ನಾನೂ ರಜೆ ಹಾಕಿ ಬಸ್ಸು ಹತ್ತಿದೆ.

ಶ್ರಾವಣದ ಆ ಶುಕ್ರವಾರ ಘಾಟಿನಲ್ಲಿ ಮಂಜು ಇಳಿದಿತ್ತು. ಸಣ್ಣ ಮಳೆ ಬರುವುದು, ಹೋಗುವುದು. ಗುಡ್ಡವೆಲ್ಲ ಹಸಿರು. ಸುಳ್ಳು ಹೇಳುವುದಿಲ್ಲ, ಜಾಗ ಚೆನ್ನಾಗಿಯೇ ಇತ್ತು. ಹೊಲದ ತುಂಬ ಸುಣ್ಣದ ಗೆರೆ ಎಳೆದು ಕಲ್ಲು ನಿಲ್ಲಿಸಿದ್ದರು. ಒಂದು ಪಕ್ಕದಲ್ಲಿ ಹಳೆಯ ಸೀತಾಫಲದ ಗಿಡಗಳು, ಕಾಯಿ ಆಗತಾನೆ ಬಲಿಯುತ್ತಿದ್ದವು. ಪೆಂಡಾಲಿನ ಕೆಳಗೆ ಜಮಖಾನೆ ಹಾಸಿ ಹೆಂಗಸರನ್ನು ಕೂಡಿಸಿದರು. ಬಸವರಾಜನ ಹೆಂಡತಿ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬಂದು ಉಡಿ ತುಂಬತೊಡಗಿದಳು. ಅಕ್ಕಿ, ಕುಪ್ಪಸದ ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು. ಅದರ ಮೇಲೆ ಬಸವರಾಜ ಕೆಂಪು ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಮಣ್ಣು ಇಡುತ್ತಿದ್ದ.

ಮಾದೇವಿ ಕೊನೆಯ ಸಾಲಿನಲ್ಲಿ ಕೂತಿದ್ದಳು. ಗಂಡ ಇಲ್ಲದವಳಿಗೆ ಉಡಿ ತುಂಬುವುದಿಲ್ಲ, ಅವಳೂ ಅದನ್ನು ಎದುರು ನೋಡಿರಲಿಲ್ಲ. ಊಟ ಮಾಡಿ, ಜಾಗ ನೋಡಿ ಬರೋಣ ಎಂದಷ್ಟೇ ಬಂದವಳು. ತಟ್ಟೆ ಹಿಡಿದವಳು ಅವಳ ಬೋಳು ಹಣೆ ನೋಡಿ ಮುಂದೆ ಸರಿದಳು. ಬಸವರಾಜ ಅಲ್ಲೇ ನಿಂತ.

‘ಅಲ್ಲಿ ನಮ್ಮ ತಂಗಿ ಕುಂತಾಳ. ಆಕಿನ್ಯಾಕ ಬಿಟ್ಟಿ? ತುಂಬು.’

ಒಬ್ಬ ಮುದುಕಿ ಏನೋ ಗೊಣಗಿದಳು, ಬಸವರಾಜ ಅತ್ತ ತಿರುಗಿಯೂ ನೋಡಲಿಲ್ಲ. ಹೆಂಡತಿ ಹಿಂದಕ್ಕೆ ಬಂದು ಮಾದೇವಿಯ ಸೆರಗಿಗೆ ಅಕ್ಕಿ ಸುರಿದಳು. ಮಾದೇವಿ ಸೆರಗನ್ನು ಸರಿಯಾಗಿ ಹಿಡಿಯುವಷ್ಟರಲ್ಲಿ ಅರ್ಧ ಅಕ್ಕಿ ಜಮಖಾನೆಯ ಮೇಲೆ ಬಿತ್ತು. ಗಂಡ ಸತ್ತ ದಿನವೂ ನಾನು ಅವಳು ಹಾಗೆ ಅತ್ತದ್ದು ನೋಡಿರಲಿಲ್ಲ.

ಈ ಕಟ್ಟಳೆಯನ್ನು ನಾನು ಹುಟ್ಟಿದಾಗಿನಿಂದ ದ್ವೇಷಿಸಿದವಳು. ನಮ್ಮ ಮನೆಯಲ್ಲಿ ನನ್ನ ಅತ್ತೆಯೊಡನೆ ಇದಕ್ಕಾಗಿಯೇ ವರ್ಷಗಟ್ಟಲೆ ಗುದ್ದಾಡಿದವಳು. ಓದಿದವರು, ಭಾಷಣ ಮಾಡುವವರು ಮಾಡದ್ದನ್ನು ಈ ಮನುಷ್ಯ ಒಂದು ಮಾತಿನಲ್ಲಿ ಮಾಡಿಬಿಟ್ಟ. ಮಾಡಿದ್ದಾದರೂ ಯಾತಕ್ಕೆ? ಜಾಗ ಮಾರುವುದಕ್ಕೆ. ನನಗೆ ಅವನ ಮೇಲೆ ಅಭಿಮಾನವೂ ಕುತ್ತಿಗೆ ಹಿಸುಕುವಷ್ಟು ಸಿಟ್ಟೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಮೈಕಿನಲ್ಲಿ ಅವನದೇ ದನಿ: ‘ತವರು ಮಣ್ಣು ಕೊಟ್ಟದ. ಇದು ನಿಮ್ಮದೇ ಜಾಗಾ ಅಂತ ತಿಳೀರಿ. ವರ್ಷ ವರ್ಷ ಆದಾಯ ಖಾತ್ರಿ. ಬರೂ ಶುಕ್ರವಾರ ಬುಕಿಂಗ್ ಅದ, ಬಂಗಾರ ಕೊಟ್ರೂ ನಡೀತದ.’ ನಾನು ಆ ಮಾತನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಎದ್ದು ನಿಂತು ಕಾಯ್ದೆ ಹೇಳಬಹುದಿತ್ತು. ಪಕ್ಕದಲ್ಲಿ ಮಾದೇವಿ ತುಂಬಿದ ಉಡಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಆ ಹೊತ್ತಿನಲ್ಲಿ ಬಾಯಿ ತೆರೆಯುವಷ್ಟು ಕಲ್ಲು ನಾನಲ್ಲ.

ಬಾಯಿ ತೆರೆದದ್ದು ಮರುದಿನ, ಅವಳ ಒಲೆಯ ಮುಂದೆ. ಈ ಜಾಗಕ್ಕೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಹೀಗೆ ಕರೆಯುವುದೇ ತಪ್ಪು, ಖಾತ್ರಿ ಲಾಭ ಎನ್ನುವುದಂತೂ ಇನ್ನೂ ದೊಡ್ಡ ತಪ್ಪು, ನಾಳೆ ಕಂಪನಿ ಬಾಗಿಲು ಹಾಕಿದರೆ ಬೋರಮಾಳ ಎಲ್ಲಿ ಹುಡುಕುತ್ತೀ ಎಂದು ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಅರ್ಥವಾಗದೆ ಏನಿಲ್ಲ. ಅವಳು ಹಿಡಿದ ದಾರಿ ಬೇರೆಯಾಗಿತ್ತು.

‘ನೀವು ಹೇಳೂದು ಖರೇ ಇರಬಹುದು ಅಕ್ಕಾ. ಆದ್ರ ಉಡಿ ತಗೊಂಡ ಮ್ಯಾಲ ಇಲ್ಲ ಅನ್ಲಿಕ್ಕೆ ಬರಂಗಿಲ್ಲ. ಉಡಿಗಿ ಬಿದ್ದದ್ದು ಝಾಡಿಸಿ ಎದ್ದು ಹೋದ್ರ ತವರಿಗಿ ಕೇಡು.’

‘ಅವ ಎಲ್ಲಿ ತವರವ? ಅವ ಏಜೆಂಟ.’

‘ಏಜೆಂಟರೇ ಇರ್ಲಿ. ನಮ್ಮ ಅಣ್ಣಗೋಳು ಯಾರೂ ಮಾಡ್ಲಿಲ್ಲಲ್ಲ ಅಂವ ಮಾಡಿದ್ದು?’

ಮಾದೇವಿಯಂತೆಯೇ ರೊಟ್ಟಿ ಬಡಿದು ಮಾರುವ, ಬಸ್ಸಿನಲ್ಲಿ ಜೊತೆಗೆ ಬಂದ ಹೆಂಗಸರೆಲ್ಲ ಇದೇ ಮಾತು ಹಿಡಿದಿದ್ದರು. ಲಾಭದ ಆಸೆಗೆ ಬಿದ್ದವರನ್ನಾದರೆ ಎರಡು ಲೆಕ್ಕ ಹೇಳಿ ಎಬ್ಬಿಸಬಹುದು. ಇವರು ಸಿಕ್ಕಿಬಿದ್ದದ್ದು ಮರ್ಯಾದೆಗೆ. ಆಮಂತ್ರಣದಲ್ಲಿ ಕ್ಯೂಆರ್ ಕೋಡು ಇಲ್ಲ ಎಂದು ಅವರ ಮುಂದೆ ಕೂಗಿ ಏನು ಪ್ರಯೋಜನ? ಒಂದು ಹಿಡಿ ಮಣ್ಣಿಗೆ ಇವರು ತಾವಾಗಿಯೇ ಕೊರಳು ಕೊಟ್ಟಿದ್ದರು. ನಾನು ನಾಲ್ಕಾರು ದಿನ ಅವಳೊಡನೆ ಜಗಳವಾಡಿದೆ, ಮಾತು ಬಿಟ್ಟೆ, ರೊಟ್ಟಿ ತರುವುದನ್ನೂ ನಿಲ್ಲಿಸಿದೆ. ಮನೆಯಲ್ಲಿ ಚಪಾತಿ ತಿಂದು ತಿಂದು ಮಕ್ಕಳು ಮುಖ ಊದಿಸಿಕೊಂಡರು.

ಗುರುವಾರ ಸಂಜೆ ತಡೆಯಲಾರದೆ ಮತ್ತೆ ಹೋದೆ. ಬೋರಮಾಳವನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕೂಡಲು ಮಣೆ ಸರಿಸಿದಳು. ಮಳೆ ತಗಡಿನ ಮೇಲೆ ಸುರಿಯುತ್ತಿತ್ತು. ಏನು ಮಾತಾಡಬೇಕೆಂದು ತಿಳಿಯದೆ, ಅವಳ ಮದುವೆಯ ಹೊತ್ತಿಗೆ ತವರಿನಲ್ಲಿ ಉಡಿ ಹೇಗೆ ತುಂಬಿದ್ದರು ಎಂದು ಕೇಳಿದೆ. ಅವಳ ಮುಖ ಅರಳಿತು. ಅವ್ವ ಎಷ್ಟು ಅಕ್ಕಿ ಹಾಕಿದಳು, ಅಪ್ಪ ಖಣ ತರಲು ಎಲ್ಲಿಗೆ ನಡೆದುಕೊಂಡು ಹೋದ, ಎಲ್ಲ ಹೇಳಿದಳು.

‘ಅದಕ್ಕ ನಿಮ್ಮಪ್ಪ ನಿನ್ನ ಕಡೆಯಿಂದ ಏನ್ ತಗೊಂಡ?’ ಎಂದೆ.

‘ಏನ್ ಮಾತಾಡ್ತೀರಿ ಅಕ್ಕಾ? ಉಡಿಗಿ ಯಾರರೆ ರೊಕ್ಕಾ ತಗೋತಾರ?’

ಹಾಗೆಂದವಳು ಬೋರಮಾಳ ಉಜ್ಜುವುದನ್ನು ನಿಲ್ಲಿಸಿದಳು. ಈ ಮಾತು ನಮ್ಮಿಬ್ಬರಿಗೂ ಇಷ್ಟು ದಿನ ಹೊಳೆದಿರಲಿಲ್ಲ. ಉಡಿ ತುಂಬಿಸಿಕೊಂಡವಳ ಮೇಲೆ ಯಾವ ಋಣವೂ ಇಲ್ಲ. ಕೊಟ್ಟವನು ಕೊಟ್ಟ, ಅವಳು ಒಯ್ದಳು, ಅಲ್ಲಿಗೆ ಮುಗಿಯಿತು. ಬೆಲೆ ಕೇಳಿದ ಕ್ಷಣಕ್ಕೆ ಅದು ಉಡಿಯೇ ಅಲ್ಲ. ಉಡಿ ಅಲ್ಲ ಎಂದಮೇಲೆ ಅದಕ್ಕೆ ನೋಂದಣಿ ಸಂಖ್ಯೆ ಬೇಕು.

ಮರುದಿನದ ಬುಕಿಂಗು ಊರೊಳಗಿನ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ವೇದಿಕೆಯ ಮೇಲೆ ಕಂಪನಿಯ ಮ್ಯಾನೇಜರ್, ಸೂಟು ಹಾಕಿದವನು. ಪಕ್ಕದ ಮೇಜಿಗೆ ಒಬ್ಬ ಸರಾಫ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಬಂಗಾರ ತೂಗಿ ಅಲ್ಲೇ ಬುಕಿಂಗಿಗೆ ಜಮಾ ಮಾಡುವ ವ್ಯವಸ್ಥೆ. ಬೇರೆ ಬಸ್ತಿಗಳ ಒಂದಿಷ್ಟು ಹೆಂಗಸರು ಆಗಲೇ ಕೊಟ್ಟು ಮುಗಿಸಿ ರಸೀದಿ ಮಡಚುತ್ತಿದ್ದರು. ಬಸವರಾಜ ನಮ್ಮನ್ನು ನೋಡಿ ‘ಬಾ ತಂಗೆವ್ವ’ ಎಂದು ಮಾದೇವಿಯನ್ನು ಮುಂದಕ್ಕೆ ಕರೆದ. ಬೋರಮಾಳ ಅವಳ ಕೊರಳಲ್ಲಿ ಹೊಳೆಯುತ್ತಿತ್ತು. ಸರಾಫನ ಕಣ್ಣು ಅಲ್ಲೇ ನೆಟ್ಟಿತು. ನಾನು ಅವಳಿಗಿಂತ ಮುಂದೆ ಹೋಗಿ ನಿಂತೆ.

ಮ್ಯಾನೇಜರನಿಗೆ ಮರಾಠಿಯಲ್ಲೂ ನಮ್ಮ ಹೆಂಗಸರಿಗೆ ಕನ್ನಡದಲ್ಲೂ ಎರಡೆರಡು ಸಲ ಹೇಳಿದೆ. ‘ಹೋದ ಶುಕ್ರವಾರ ನೀವು ಮಾಡಿದ್ದು ಉಡಿಯೋ, ಜಾಹೀರಾತೋ? ಉಡಿ ಆದರೆ ಮಣ್ಣು ಕೊಟ್ಟಾಯಿತು, ಇದು ನಿಮ್ಮದೇ ಜಾಗ ಎಂದೂ ಹೇಳಿಯಾಯಿತು. ಉಡಿಗೆ ಬೆಲೆ ಇಲ್ಲ. ತಕ್ಕಡಿ ಎತ್ತಿಡಿ, ಇವರ ಹೆಸರಿಗೆ ಜಾಗ ಮಾಡಿಕೊಡಿ. ಅದು ಜಾಹೀರಾತು ಆದರೆ ನೋಂದಣಿ ಸಂಖ್ಯೆ ತೋರಿಸಿ. ಎರಡರಲ್ಲಿ ಒಂದು ಹೇಳಿ.’

‘ತಾಯಿ, ಅದು ಜಾಹೀರಾತಲ್ಲ, ಸಂಸ್ಕೃತಿ’ ಎಂದ ಮ್ಯಾನೇಜರ್.

‘ಹಾಗಾದರೆ ಜಾಗ ಕೊಡಿ.’

ಹೆಂಗಸರಲ್ಲಿ ಒಬ್ಬಳು ನಕ್ಕಳು. ನಗು ಇನ್ನೊಬ್ಬಳಿಗೆ ಹತ್ತಿತು. ರಸೀದಿ ಮಡಚುತ್ತಿದ್ದವರು ಅದನ್ನು ಮತ್ತೆ ಬಿಡಿಸಿ ನೋಡತೊಡಗಿದರು. ಯಾರೋ ಮೈಕಿನ ತಂತಿ ಕಿತ್ತರು. ನನ್ನ ಕೈಯಲ್ಲಿ ಮೈಕೇ ಇರಲಿಲ್ಲ, ವಿಜಯಪುರದ ಗಂಟಲಿಗೆ ಅದರ ಅಗತ್ಯವೂ ಇಲ್ಲ. ಮ್ಯಾನೇಜರನ ಮುಖ ಕೆಂಪಾಯಿತು. ‘ಬೇಡದವರು ಮಣ್ಣು ವಾಪಸ್ ಕೊಟ್ಟು ಹೋಗಲಿ’ ಎಂದ.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮಾದೇವಿ ಬಸವರಾಜನ ಕಡೆ ತಿರುಗಿದಳು. ‘ತವರವ್ರು ತುಂಬಿದ ಉಡಿ ವಾಪಸ್ ಕೇಳೂದು ಇವತ್ತೇ ಮೊದಲು ನೋಡ್ಲಿಕತ್ತೀನಿ ಬಸಣ್ಣ. ಕೊಡಂಗಿಲ್ಲ.’ ಸೆರಗನ್ನು ಕೊರಳು ಮುಚ್ಚುವ ಹಾಗೆ ಹೊದ್ದುಕೊಂಡು ಹೊರಗೆ ನಡೆದಳು. ರೊಟ್ಟಿಯ ಹೆಂಗಸರೆಲ್ಲ ಅವಳ ಹಿಂದೆ. ಬಸವರಾಜ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ.

ಸೋಮವಾರ ನನ್ನ ನೌಕರಿ ಹೋಯಿತು. ಗಿರಾಕಿಯ ಕಾರ್ಯಕ್ರಮ ಕೆಡಿಸಿದವಳನ್ನು ಹೇಗೆ ಇಟ್ಟುಕೊಳ್ಳಲಿ ಎಂದು ಮಿಲಿಂದ ಸರ್ ನಿಜವಾಗಿಯೂ ನೊಂದುಕೊಂಡೇ ಹೇಳಿದರು. ಗೋಡೆಯ ಚೀಟಿಯನ್ನಾದರೂ ಕಿತ್ತುಬಿಡಿ ಸರ್, ಸುಮ್ಮನೆ ಯಾಕೆ ಅದಕ್ಕೆ ಅವಮಾನ ಎಂದು ಹೇಳಿ ಬಂದೆ. ಮನೆಗೆ ಬಂದು ನಾನು ಅತ್ತದ್ದೂ ನಿಜ. ಕೆಲಸ ನನಗೆ ಇಷ್ಟವಿತ್ತು. ಅತ್ತು ಮುಗಿದ ಮೇಲೆ ಆಮಂತ್ರಣವನ್ನೂ ಮೊಬೈಲಿನ ವಿಡಿಯೋವನ್ನೂ ಇಟ್ಟು ಪ್ರಾಧಿಕಾರಕ್ಕೆ ದೂರು ಬರೆದೆ. ಯಜಮಾನರು ‘ನಮಗ್ಯಾಕ ಬೇಕಿತ್ತು’ ಎಂದರು. ಎಂದವರೇ ಎರಡು ಸಲ ಓದಿ ನನ್ನ ಮರಾಠಿಯ ತಪ್ಪು ತಿದ್ದಿ ಕೊಟ್ಟರು.

ದೂರಿನ ಗತಿ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಕಂಪನಿಗೆ ದಂಡ ಬಿತ್ತು, ಹೀಗೆ ಕರೆಯುವುದು ನಿಲ್ಲಬೇಕೆಂದು ಆದೇಶವಾಯಿತು. ಖಾತ್ರಿ ಲಾಭದ ಮಾತು ಬೇರೆ ಕಚೇರಿಗೆ ಹೋಗಿ ಅಲ್ಲಿ ಇನ್ನೂ ಕೂತಿದೆ. ಮೊದಲೇ ಕೊಟ್ಟಿದ್ದ ಹೆಂಗಸರಲ್ಲಿ ಕೆಲವರಿಗೆ ವಾಪಸು ಬಂತು, ಕೆಲವರು ಇವತ್ತಿಗೂ ಓಡಾಡುತ್ತಿದ್ದಾರೆ, ನಾನೂ ಅವರ ಜೊತೆ ಓಡಾಡುತ್ತಿದ್ದೇನೆ. ಗೆದ್ದೆವು ಎಂದು ಎದೆ ಉಬ್ಬಿಸುವಷ್ಟು ಗೆಲುವೇನಲ್ಲ. ಅವರೆಲ್ಲರ ಲೆಕ್ಕ ಚುಕ್ತಾ ಆಗುವವರೆಗೆ ಓಡಾಟ ಬಿಡುವವಳೂ ನಾನಲ್ಲ.

ವಿಚಾರಣೆ ನಡೆದದ್ದು ದೀಪಾವಳಿ ಕಳೆದ ಮೇಲೆ, ಪುಣೆಯ ಕಚೇರಿಯ ಒಂದು ಇಕ್ಕಟ್ಟಾದ ಕೋಣೆಯಲ್ಲಿ. ಮಾದೇವಿಯನ್ನು ಸಾಕ್ಷಿಯಾಗಿ ಕರೆದುಕೊಂಡು ಹೋಗಿದ್ದೆ. ಅವಳಿಗೆ ಮರಾಠಿ ಬರುವುದಿಲ್ಲ ಎಂದೇನಲ್ಲ, ಬಾಜಾರಿನಲ್ಲಿ ಯಾರನ್ನು ಬೇಕಾದರೂ ಮರಾಠಿಯಲ್ಲಿ ಬಗ್ಗಿಸುತ್ತಾಳೆ. ‘ಇಲ್ಲಿ ನಾ ನನ್ನ ಮಾತಿನಾಗೇ ಹೇಳ್ತೀನಿ, ನೀವು ತಿಳಿಸ್ರಿ’ ಎಂದು ಹಟ ಹಿಡಿದಳು. ಅಧಿಕಾರಿ ಒಪ್ಪಿದರು. ನಡುವಯಸ್ಸಿನ, ಸಿಡುಕದ ಮನುಷ್ಯ.

ಕಂಪನಿಯ ವಕೀಲರು ಅದೇ ರಾಗ ಹಾಡಿದರು. ಇದು ಕರ್ನಾಟಕದ ಹೆಣ್ಣುಮಕ್ಕಳ ಪದ್ಧತಿ, ಒಡಹುಟ್ಟಿದ ಭಾವನೆಯಿಂದ ಮಾಡಿದ್ದು, ಇದ್ಯಾವುದೂ ಜಾಹೀರಾತಿನ ವ್ಯಾಖ್ಯೆಗೆ ಬರುವುದಿಲ್ಲ ಎಂದರು. ಕಂಪನಿ ಕೊಟ್ಟ ಮಣ್ಣನ್ನು ಈ ಹೆಂಗಸು ಇಟ್ಟುಕೊಂಡಿದ್ದಾರೆ, ಅಂದರೆ ಪದ್ಧತಿ ಎಂದು ಒಪ್ಪಿಕೊಂಡ ಹಾಗೆ ಆಯಿತಲ್ಲ ಎಂದೂ ಕೇಳಿದರು. ಮಣ್ಣು ಈಗೆಲ್ಲಿದೆ ಎಂದು ಅಧಿಕಾರಿ ವಿಚಾರಿಸಿದರು.

‘ಎಣ್ಣಿ ಡಬ್ಬಿಯೊಳಗ ಹಾಕಿ ಮೆಂತೆ ಬಿತ್ತೀನ್ರಿ’ ಎಂದಳು ಮಾದೇವಿ. ‘ಚಲೋ ಬಂದದ. ಉಳಿದ ಜಾಗಾ ಎಲ್ಲಿ ಅದ ತೋರಸ್ಲಿ, ಅಲ್ಲೂ ಬಿತ್ತತೀನಿ.’ ನಾನು ಅದನ್ನು ಒಂದು ಅಕ್ಷರ ಬಿಡದೆ ಮರಾಠಿಗೆ ತಂದೆ. ಅಧಿಕಾರಿ ನಗು ತಡೆದುಕೊಂಡರು. ವಕೀಲರು ಬಸವರಾಜನನ್ನು ಮುಂದಕ್ಕೆ ಕರೆದರು. ಅವನು ಕಂಪನಿಯ ಸಾಕ್ಷಿ, ಇದು ಬರೀ ಪದ್ಧತಿ ಎಂದು ಹೇಳುವುದಕ್ಕೆ ಬಂದವನು. ಅದೇ ಬಿಳಿ ಅಂಗಿ, ಆದರೆ ಮುಖ ಇಳಿದುಹೋಗಿತ್ತು.

ಮಾದೇವಿ ಎದ್ದು ನಿಂತು ನೇರವಾಗಿ ಅವನನ್ನೇ ಕೇಳಿದಳು. ಅಧಿಕಾರಿಯ ಅಪ್ಪಣೆಗೂ ಕಾಯಲಿಲ್ಲ.

‘ಬಸಣ್ಣ, ಗಂಡ ಸತ್ತ ಮ್ಯಾಲ ನನ್ನ ಉಡಿಗಿ ಯಾರೂ ಒಂದು ಕಾಳ ಹಾಕಿರಲಿಲ್ಲ. ನೀ ಹಾಕಿಸಿದಿ. ಅದು ನಾ ತಂಗಿ ಅಂತ ಹಾಕಿಸಿದ್ಯೋ, ಜಾಗಾ ಮಾರ್ಲಿಕ್ಕೆ ಹಾಕಿಸಿದ್ಯೋ? ಇಷ್ಟ ಹೇಳು. ಜಾಗಾ ಹಾಳಾಗಿ ಹೋಗ್ಲಿ.’

ನಾನು ಅನುವಾದ ಮಾಡಿದೆ. ತಂಗಿ ಎಂದು ಬಾಯಿಬಿಟ್ಟರೆ ಬಸವರಾಜನ ಕಂಪನಿ ಉಳಿಯುತ್ತಿತ್ತು, ಅವನ ಕಮಿಷನ್ನೂ ಉಳಿಯುತ್ತಿತ್ತು. ಮಾದೇವಿಗೂ ಅದೇ ಮಾತು ಬೇಕಾಗಿತ್ತು ಎಂದು ಅವಳ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ವಕೀಲರು ಅವನ ಮೊಣಕೈ ಮುಟ್ಟಿ ಹೇಳು ಎಂದು ಸನ್ನೆ ಮಾಡಿದರು.

ಅವನು ವಕೀಲರಿಂದ ಒಂದು ಹೆಜ್ಜೆ ಸರಿದು ನಿಂತ. ಆಮೇಲೆ ಅಧಿಕಾರಿಯ ಕಡೆ ತಿರುಗಿ ಮರಾಠಿಯಲ್ಲಿ, ಮಾರುವುದಕ್ಕೇ ಕರೆದಿದ್ದೆವು ಸಾಹೇಬರೇ ಎಂದ. ಅದನ್ನೇ ಮಾದೇವಿಯ ಮುಖ ನೋಡಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ.

‘ಮಾರ್ಲಿಕ್ಕೇ ಹಾಕಿಸಿದ್ದೆ ತಂಗೆವ್ವ. ನಿಂಗ ಹಾಕಿದ್ರ ಎಲ್ಲಾರೂ ನಂಬ್ತಾರ ಅಂತ ಹಾಕಿಸಿದ್ದೆ. ಸುಳ್ಳ ಹೇಳಂಗಿಲ್ಲ.’

ವಕೀಲರು ಕಾಗದ ಮುಚ್ಚಿಟ್ಟರು. ನಾನು ಮಾದೇವಿಯ ಕೈ ಹಿಡಿಯಲು ಹೋದೆ, ಅವಳು ಬಿಡಿಸಿಕೊಂಡಳು. ಕಣ್ಣು ತುಂಬಿದ್ದವು, ಆದರೆ ತಲೆ ಒಂದಿಷ್ಟೂ ತಗ್ಗಲಿಲ್ಲ. ಬಸವರಾಜನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

‘ಅವತ್ತ ಅಲ್ಲ, ಇವತ್ತ ಅಣ್ಣಾ ಆದಿ ನೋಡು’ ಎಂದಳು.

ಅಧಿಕಾರಿ ಪೆನ್ನು ಹಿಡಿದು ನನ್ನ ಕಡೆ ನೋಡಿದರು. ‘ಕಾಯ್ ಮ್ಹಣಾಲ್ಯಾ?’ ಏನೆಂದರು ಇವರು, ಬರೆದುಕೊಳ್ಳಬೇಕು ಎಂದರು.

‘ಅದು ಜಾಹೀರಾತಿಗೆ ಸಂಬಂಧಪಟ್ಟದ್ದಲ್ಲ ಸಾಹೇಬರೇ’ ಎಂದೆ.